ತಂತ್ರಾಂಶ ಲೈಬ್ರರಿಗಳಲ್ಲಿ ಲಾಗ್ ಬರವಣಿಗೆ: ಸಾಮಾನ್ಯ ಇಂಟರ್‌ಫೇಸ್‌ನ ಅಗತ್ಯ

ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಪಠ್ಯ ಅಪಾರವಾಗಿದೆ. ಕಾಲೇಜುಗಳ ವಾರ್ಷಿಕ ಸಂಚಿಕೆಗಳು, ವಿಚಾರಸಂಕಿರಣಗಳ ಪ್ರಬಂಧಗಳು, ಜನಪದ ಗೀತೆಗಳ ಸಂಗ್ರಹಗಳು ಹಳೆಯ ಸಿಡಿಗಳಲ್ಲಿ ಹಾಗೆಯೇ ಉಳಿದಿವೆ. ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ಅವುಗಳನ್ನು ತೆರೆದರೆ ಕಾಣುವುದು ಕನ್ನಡವಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಅರ್ಥಹೀನ ಸಾಲುಗಳು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಣ್ಣ ಪ್ರೋಗ್ರಾಂ ಒಂದನ್ನು ವಿದ್ಯಾರ್ಥಿಗಳು ಬರೆಯಲು ತೊಡಗಿದರೆಂದು ಭಾವಿಸಬಹುದು. ಅಂಥ ಕೆಲಸದ ನಡುವೆ, ಮೊದಲಿಗೆ ತೀರ ಕ್ಷುಲ್ಲಕವೆಂದು ತೋರುವ ಒಂದು ಪ್ರಶ್ನೆ ಏಳುತ್ತದೆ: ಪ್ರೋಗ್ರಾಮಿಗೆ ಏನನ್ನಾದರೂ ಹೇಳಬೇಕೆನಿಸಿದಾಗ ಅದು ಯಾರಿಗೆ ಹೇಳಬೇಕು? ಈ ಲೇಖನದ ವಿಷಯ ಅದೇ.

ಪರಿವರ್ತನೆ ಎಂಬುದು ಒಂದು ಅಕ್ಷರದ ಬದಲಿಗೆ ಇನ್ನೊಂದನ್ನು ಇಡುವಷ್ಟು ಸರಳವಲ್ಲ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಆಕೃತಿಗಳನ್ನು ಕಾಣುವ ಕ್ರಮದಲ್ಲಿಯೇ ಸಂಗ್ರಹಿಸುತ್ತಿದ್ದವು. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಯಕಾರದ ಆಚೆ ಕಾಣುವುದರಿಂದ ಅಲ್ಲಿ ಅದು ಯಕಾರದ ನಂತರವೇ ಬರುತ್ತಿತ್ತು. ಯೂನಿಕೋಡಿನಲ್ಲಿಯಾದರೋ ಉಚ್ಚಾರದ ಕ್ರಮವೇ ಪ್ರಮಾಣ. ರೇಫ ಮೊದಲು, ಯಕಾರ ಅನಂತರ. ದೀರ್ಘದ ಕೊಂಬು, ಒತ್ತಕ್ಷರದ ಮೇಲಿನ ಸ್ವರಚಿಹ್ನೆ ಇವೆಲ್ಲ ಹೀಗೆಯೇ ಬಿಡಿಬಿಡಿ ತುಂಡುಗಳಾಗಿ ದೊರೆಯುತ್ತವೆ. ಅವನ್ನು ಜೋಡಿಸಿ ಒಂದು ಅಕ್ಷರವನ್ನು ಕಟ್ಟಬೇಕಾಗುತ್ತದೆ. ಬೆರಳಚ್ಚುಗಾರರು ಕೆಲವೆಡೆ ತಪ್ಪು ಕ್ರಮದಲ್ಲಿ ಒತ್ತಿರುತ್ತಾರೆ. ಕಣ್ಣಿಗೆ ಸರಿಯೆಂದು ಕಂಡ ಆ ತಪ್ಪು ಪರಿವರ್ತಕಕ್ಕೆ ಒಗಟಾಗುತ್ತದೆ. ಇಂಥ ಕಡೆಗಳಲ್ಲಿ ಪ್ರೋಗ್ರಾಂ ‘ಈ ಸಂಕೇತ ತಿಳಿಯಲಿಲ್ಲ’ ಎಂದು ಎಲ್ಲಿಯಾದರೂ ಗುರುತುಮಾಡಲೇಬೇಕು. ಹೇಳದೆ ಅಕ್ಷರವನ್ನು ನುಂಗಿಬಿಟ್ಟರೆ ಪಾಠವೇ ಕೆಡುತ್ತದೆ, ಕೆಟ್ಟದ್ದು ಯಾರಿಗೂ ತಿಳಿಯುವುದೂ ಇಲ್ಲ.

ಮೊದಲ ಕರಡಿನಲ್ಲಿ ಯಾವ ವಿದ್ಯಾರ್ಥಿಯೂ ಮಾಡುವುದು ಒಂದೇ: ಪ್ರಿಂಟ್ ಆಜ್ಞೆಯನ್ನು ಬಳಸಿ ತೆರೆಯ ಮೇಲೆ ಆ ಎಚ್ಚರಿಕೆಯನ್ನು ಮೂಡಿಸುವುದು. ಬರೆದವನೇ ಓಡಿಸುವವರೆಗೆ ಇದರಲ್ಲಿ ತೊಂದರೆಯಿಲ್ಲ. ತೊಂದರೆ ಆರಂಭವಾಗುವುದು ಪ್ರೋಗ್ರಾಂ ಲೈಬ್ರರಿಯಾಗಿ ಬೆಳೆದಾಗ. (ಇಲ್ಲಿ ಲೈಬ್ರರಿಯೆಂದರೆ ಪುಸ್ತಕ ಭಂಡಾರವಲ್ಲ, ಬೇರೆ ಪ್ರೋಗ್ರಾಂಗಳು ಎರವಲು ಪಡೆದು ಬಳಸುವ ಸಂಕೇತಭಾಗ. ‘ಗ್ರಂಥಾಲಯ’ ಎಂದು ಅನುವಾದಿಸಿದರೆ ಗೊಂದಲವೇ ಹೆಚ್ಚು.) ಪರಿವರ್ತಿತ ಪಠ್ಯವೂ ಎಚ್ಚರಿಕೆಯೂ ಒಂದೇ ಹೊರಹರಿವಿನಲ್ಲಿ ಸಾಗುತ್ತವೆ. ಯಾರೋ ಆ ಹೊರಹರಿವನ್ನು ಕಡತವೊಂದಕ್ಕೆ ತಿರುಗಿಸುತ್ತಾರೆ. ಹಾಡಿನ ಎರಡು ಚರಣಗಳ ನಡುವೆ ‘ಸಾಲು 214: ಸಂಕೇತ ತಿಳಿಯಲಿಲ್ಲ’ ಎಂಬ ವಾಕ್ಯ ನುಸುಳಿ ಕೂಡುತ್ತದೆ.

ಗ್ರಂಥಸಂಪಾದನಶಾಸ್ತ್ರವನ್ನು ಓದಿದವರಿಗೆ ಇದು ಹೊಸತಲ್ಲ. ಓಲೆಗರಿಯ ಅಂಚಿನಲ್ಲಿ ಒಬ್ಬ ಲಿಪಿಕಾರ ತನ್ನ ತಿಳಿವಳಿಕೆಗಾಗಿ ಬರೆದ ಟಿಪ್ಪಣಿಯನ್ನು ಮುಂದಿನ ಲಿಪಿಕಾರ ಮೂಲದ ಭಾಗವೆಂದೇ ಭ್ರಮಿಸಿ ಪಾಠದೊಳಗೆ ಸೇರಿಸುತ್ತಾನೆ. ಸಂಪಾದಕನಿಗೆ ಅದು ಪ್ರಕ್ಷೇಪವಾಗಿ ಎದುರಾಗುತ್ತದೆ. ಪ್ರಿಂಟ್ ಆಜ್ಞೆಯ ಮೂಲಕ ಮಾತನಾಡುವ ಲೈಬ್ರರಿ ಸೃಷ್ಟಿಸುವುದು ಅಂಥದೇ ಪ್ರಕ್ಷೇಪವನ್ನು. ಟಿಪ್ಪಣಿ ಇರಬೇಕು, ಆದರೆ ಅದು ಪಾಠದ ದಾರಿಯಲ್ಲಿ ಹರಿಯಬಾರದು.

ಹಾಗಾದರೆ ಲೈಬ್ರರಿ ತನ್ನದೇ ಒಂದು ಕಡತವನ್ನು ತೆರೆದು ಅದರಲ್ಲಿ ಬರೆಯಬಹುದಲ್ಲ ಎಂಬುದು ಎರಡನೆಯ ಆಲೋಚನೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಆ ಕಡತ ಎಲ್ಲಿರಬೇಕು? ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಬರೆಯಲು ಅನುಮತಿಯಿರುವ ಜಾಗ ಸರ್ವರ್ ಯಂತ್ರದಲ್ಲಿ ಇರಲಾರದು. ಒಂದೇ ಲೈಬ್ರರಿಯನ್ನು ಎರಡು ಪ್ರೋಗ್ರಾಂಗಳು ಏಕಕಾಲದಲ್ಲಿ ಬಳಸಿದರೆ ಕಡತ ಯಾರದು? ದಿನವೂ ಬೆಳೆಯುವ ಅದನ್ನು ಯಾರು ಅಳಿಸಬೇಕು? ಅಲ್ಲದೆ ಇಂದಿನ ಸಾಧಾರಣ ಆನ್ವಯಿಕ ತಂತ್ರಾಂಶವೊಂದು ಹತ್ತಾರು ಲೈಬ್ರರಿಗಳ ಮೇಲೆ ನಿಂತಿರುತ್ತದೆ. ಒಂದೊಂದೂ ತನ್ನ ಮನಸ್ಸಿಗೆ ಬಂದ ಜಾಗದಲ್ಲಿ, ತನ್ನದೇ ದಿನಾಂಕ ಪದ್ಧತಿಯಲ್ಲಿ ಬರೆಯತೊಡಗಿದರೆ, ನಡುರಾತ್ರಿ ಕೆಟ್ಟುನಿಂತ ವ್ಯವಸ್ಥೆಯ ಕಾರಣವನ್ನು ಹುಡುಕುವವನು ಹತ್ತು ಕಡತಗಳನ್ನು ಎದುರಿಗಿಟ್ಟುಕೊಂಡು ಗಂಟೆ ನಿಮಿಷಗಳನ್ನು ತಾಳೆಹಾಕುತ್ತ ಕುಳಿತಿರಬೇಕಾಗುತ್ತದೆ.

ಮದುವೆಮನೆಗೆ ಬಂದ ಅಡುಗೆಭಟ್ಟರ ನಡವಳಿಕೆಯನ್ನು ಇಲ್ಲಿ ನೆನೆಯಬಹುದು. ತೆಂಗಿನಕಾಯಿ ಸಾಲದೆಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಅದು ಎಷ್ಟು ತುರ್ತಿನ ಸಂಗತಿ ಎಂಬುದನ್ನೂ ಅವರೇ ಬಲ್ಲರು. ಆದರೆ ಅವರು ಚಪ್ಪರಕ್ಕೆ ಬಂದು ನೆಂಟರೆದುರು ಕೂಗುವುದಿಲ್ಲ; ಮನೆಯ ಯಜಮಾನರಿಗೆ ತಿಳಿಸುತ್ತಾರೆ. ಪೇಟೆಗೆ ಆಳನ್ನು ಕಳುಹಿಸಬೇಕೋ, ನೆರೆಮನೆಯಲ್ಲಿ ಕೇಳಬೇಕೋ, ಅಷ್ಟರಲ್ಲೇ ಸುಧಾರಿಸಬೇಕೋ ಎಂಬುದು ಯಜಮಾನರ ತೀರ್ಮಾನ. ಲೈಬ್ರರಿ ಅಡುಗೆಭಟ್ಟರ ಸ್ಥಾನದಲ್ಲಿದೆ. ಏನಾಯಿತು, ಅದು ಎಷ್ಟು ಗಂಭೀರ ಎಂಬುದನ್ನು ಹೇಳುವುದಷ್ಟೇ ಅದರ ಅಧಿಕಾರ. ಆ ಮಾತು ತೆರೆಯ ಮೇಲೆ ಬರಬೇಕೋ, ಕಡತಕ್ಕೆ ಹೋಗಬೇಕೋ, ದೂರದ ಸರ್ವರಿಗೆ ರವಾನೆಯಾಗಬೇಕೋ, ಕೇಳಿಸಲೇಬಾರದೋ ಎಂಬುದನ್ನು ಗೊತ್ತುಮಾಡುವುದು ಅದನ್ನು ಬಳಸುವ ಆನ್ವಯಿಕ ತಂತ್ರಾಂಶ. ಈ ಎರಡು ಅಧಿಕಾರಗಳ ನಡುವೆ ಇರುವ ಒಡಂಬಡಿಕೆಗೇ ಲಾಗಿಂಗ್ ಇಂಟರ್‌ಫೇಸ್ ಎಂದು ಹೆಸರು.

ಲಾಗ್ ಎಂಬ ಪದ ಹಡಗಿನಿಂದ ಬಂದುದು. ಗಂಟುಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆಸೆದು, ನಿಗದಿತ ಕಾಲದಲ್ಲಿ ಎಷ್ಟು ಗಂಟುಗಳು ಸರಿದವು ಎಂಬುದರಿಂದ ನಾವಿಕರು ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಮರದ ತುಂಡೇ ಲಾಗ್. ಅಳತೆಯನ್ನು ಬರೆದಿಡುವ ಪುಸ್ತಕ ಲಾಗ್ ಪುಸ್ತಕವಾಯಿತು. ಗಣಕಯಂತ್ರವು ನಡೆದುದನ್ನು ಕಾಲಕ್ರಮದಲ್ಲಿ ಬರೆದಿಡುವುದಕ್ಕೂ ಅದೇ ಹೆಸರು ನಿಂತಿತು. ಕನ್ನಡದ ‘ಕಡತ’ವೂ ಇಂಥದೇ ದಾರಿಯನ್ನು ನಡೆದಿದೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ, ಮಡಿಸುವ ಬಟ್ಟೆಯ ಹಾಳೆಯಲ್ಲಿ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಾಲದ ಪದ ಅದು. ಕಡತದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಹಳೆಯ ದಾಖಲೆಯನ್ನು ಸರದಿಯಂತೆ ಅಳಿಸಿ ಹೊಸದಕ್ಕೆ ಎಡೆಮಾಡುವ ಇಂದಿನ ಲಾಗ್ ಕಡತಗಳಿಗೆ ಆ ಹೆಸರು ಆಕಸ್ಮಿಕವಾಗಿಯಾದರೂ ಒಪ್ಪುತ್ತದೆ.

ಒಡಂಬಡಿಕೆಯಲ್ಲಿ ಇರುವುದೇನು?

ಸಾಮಾನ್ಯ ಲಾಗಿಂಗ್ ಇಂಟರ್‌ಫೇಸ್ ತೀರ ಸಣ್ಣದು. ಮಾತು ಯಾವ ಭಾಗದಿಂದ ಬಂದಿತೆಂಬುದನ್ನು ತಿಳಿಸುವ ಒಂದು ಹೆಸರು, ಮಾತಿನ ಗಂಭೀರತೆಯ ಮಟ್ಟ, ಮಾತಿನ ಒಕ್ಕಣೆ, ಅದರಲ್ಲಿ ತುಂಬಬೇಕಾದ ವಿವರಗಳು, ದೋಷವೇನಾದರೂ ಇದ್ದರೆ ಆ ದೋಷದ ವಸ್ತು, ಇಷ್ಟೇ. ಎಲ್ಲಿ ಬರೆಯಬೇಕು ಎಂಬ ಮಾತೇ ಅದರಲ್ಲಿ ಇಲ್ಲ. ಇಲ್ಲದಿರುವುದೇ ಅದರ ಗುಣ.

ಗಂಭೀರತೆಯ ಮಟ್ಟಗಳ ಕಲ್ಪನೆ ಹಳೆಯದು. 1980ರ ದಶಕದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ಎರಿಕ್ ಆಲ್‌ಮನ್ ರೂಪಿಸಿದ ಸಿಸ್‌ಲಾಗ್ ವ್ಯವಸ್ಥೆ ಯೂನಿಕ್ಸ್ ಲೋಕದಲ್ಲೆಲ್ಲ ಹಬ್ಬಿತು. 2009ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5424 ಎಂಬ ಮಾನಕ ದಾಖಲೆಯಲ್ಲಿ ಎಂಟು ಮಟ್ಟಗಳಿವೆ. ವ್ಯವಸ್ಥೆಯೇ ನಿಷ್ಪ್ರಯೋಜಕವಾದ ಎಮರ್ಜೆನ್ಸಿಗೆ 0, ತಪ್ಪು ಹುಡುಕುವವರಿಗಷ್ಟೇ ಬೇಕಾದ ಡೀಬಗ್‌ಗೆ 7. ಪಿಎಚ್‌ಪಿ ಭಾಷೆಯ ಬಳಕೆದಾರರು ಪಿಎಸ್‌ಆರ್-3 ಎಂಬ ಒಪ್ಪಂದದಲ್ಲಿ ಈ ಎಂಟನ್ನೇ ಸ್ವೀಕರಿಸಿದರು. ಆ ಒಪ್ಪಂದದ ಇಂಟರ್‌ಫೇಸ್‌ನಲ್ಲಿ ಎಂಟು ಮಟ್ಟಗಳಿಗೆ ಎಂಟು ವಿಧಾನಗಳು, ಮಟ್ಟವನ್ನೇ ಆರ್ಗ್ಯುಮೆಂಟಾಗಿ ಪಡೆಯುವ ಒಂಬತ್ತನೆಯದೊಂದು, ಅದಕ್ಕಿಂತ ಹೆಚ್ಚಿಲ್ಲ. ಜೊತೆಗೆ ‘ನಲ್‌ಲಾಗರ್’ ಎಂಬ ಒಂದು ಮೂಕ ಲಾಗರ್ ಉಂಟು. ಅದು ಎಲ್ಲ ಮಾತನ್ನೂ ಕೇಳುತ್ತದೆ, ಏನನ್ನೂ ಬರೆಯುವುದಿಲ್ಲ. ಬಳಸುವವರು ಲಾಗರ್ ಕೊಡದಿದ್ದಲ್ಲಿ ಲೈಬ್ರರಿ ಇದನ್ನು ಹಿಡಿದುಕೊಂಡರೆ ಸಾಕು, ‘ಲಾಗರ್ ಇದೆಯೇ?’ ಎಂದು ಪ್ರತಿ ಸಾಲಿನಲ್ಲಿಯೂ ಪರೀಕ್ಷಿಸುವ ಗೋಳು ತಪ್ಪುತ್ತದೆ. ವಿವರಗಳಲ್ಲಿ ಏನೇ ಅಸಂಬದ್ಧ ಮೌಲ್ಯ ಬಂದರೂ ಲಾಗರ್ ಅದಕ್ಕಾಗಿ ದೋಷವನ್ನು ಎಸೆಯಕೂಡದು ಎಂದೂ ಆ ಒಪ್ಪಂದ ವಿಧಿಸುತ್ತದೆ. ವರದಿ ಬರೆಯಲು ಹೋಗಿ ಕೆಲಸವೇ ನಿಲ್ಲಬಾರದೆಂಬ ವಿವೇಕ ಅದರಲ್ಲಿದೆ.

ಪೈಥಾನಿನಲ್ಲಿ ಮಾಡಬೇಕಾದುದು, ಮಾಡಬಾರದುದು

ಪರಿವರ್ತಕದಂಥ ಪಠ್ಯದ ಕೆಲಸಗಳಿಗೆ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸುವುದು ಪೈಥಾನ್ ಭಾಷೆಯನ್ನು. ವಿನಯ್ ಸಾಜಿಪ್ ಮತ್ತು ಟ್ರೆಂಟ್ ಮಿಕ್ ಅವರ ಪ್ರಸ್ತಾವದಂತೆ 2003ರ 2.3ನೆಯ ಆವೃತ್ತಿಯಲ್ಲಿ ‘ಲಾಗಿಂಗ್’ ಎಂಬ ಮಾಡ್ಯೂಲ್ ಭಾಷೆಯ ಮೂಲ ಭಂಡಾರಕ್ಕೇ ಸೇರಿತು. ಇದರಿಂದ ಪೈಥಾನಿನ ಲೈಬ್ರರಿಗಳಿಗೆ ಹೊರಗಿನ ಒಪ್ಪಂದವೊಂದರ ಅವಶ್ಯಕತೆ ಅಷ್ಟಾಗಿ ಬೀಳಲಿಲ್ಲ. ಲೈಬ್ರರಿಯ ಪ್ರತಿಯೊಂದು ಮಾಡ್ಯೂಲೂ ತನ್ನ ಹೆಸರಿನಲ್ಲೇ ಒಂದು ಲಾಗರನ್ನು ಪಡೆಯುತ್ತದೆ. ಹೆಸರುಗಳ ನಡುವೆ ಚುಕ್ಕೆಯಿಂದ ಸೂಚಿತವಾದ ವಂಶಾವಳಿಯುಂಟು, ‘ಪರಿವರ್ತಕ.ಒತ್ತು’ ಎಂಬ ಲಾಗರಿನ ಮಾತು ‘ಪರಿವರ್ತಕ’ಕ್ಕೂ ಅಲ್ಲಿಂದ ಎಲ್ಲಕ್ಕೂ ಮೂಲವಾದ ಲಾಗರಿಗೂ ಏರಿಹೋಗುತ್ತದೆ. ಆ ಏರುದಾರಿಯಲ್ಲಿ ಎಲ್ಲಿಯಾದರೂ ಹ್ಯಾಂಡ್ಲರ್, ಎಂದರೆ ಮಾತನ್ನು ಹಿಡಿದು ಬರೆಯುವ ಭಾಗ, ಇದ್ದರೆ ಬರವಣಿಗೆ ನಡೆಯುತ್ತದೆ. ಹ್ಯಾಂಡ್ಲರನ್ನು ಇಡುವುದು ಯಜಮಾನನ, ಎಂದರೆ ಆನ್ವಯಿಕ ತಂತ್ರಾಂಶದ, ಕೆಲಸ. ಲೈಬ್ರರಿ ತನ್ನ ಲಾಗರಿಗೆ ಇಡಬಹುದಾದುದು ಒಂದೇ ಹ್ಯಾಂಡ್ಲರ್. ಏನನ್ನೂ ಬರೆಯದ ‘ನಲ್‌ಹ್ಯಾಂಡ್ಲರ್’. ಪೈಥಾನಿನ ಅಧಿಕೃತ ಕೈಪಿಡಿಯೂ ಲೈಬ್ರರಿ ಬರೆಯುವವರಿಗೆ ಇದನ್ನೇ ವಿಧಿಸುತ್ತದೆ.

ಅದನ್ನೂ ಇಡದಿದ್ದರೆ ಏನಾಗುತ್ತದೆ? 3.2ನೆಯ ಆವೃತ್ತಿಯಿಂದೀಚೆಗೆ, ಯಾರೂ ಹ್ಯಾಂಡ್ಲರ್ ಇಟ್ಟಿಲ್ಲದ ಪಕ್ಷದಲ್ಲಿ ವಾರ್ನಿಂಗ್ ಮತ್ತು ಅದಕ್ಕಿಂತ ಗಂಭೀರವಾದ ಮಾತುಗಳು ದೋಷಗಳ ಹೊರಹರಿವಿನಲ್ಲಿ ಬಂದು ಬೀಳುತ್ತವೆ. ಆತಂಕಪಡಬೇಕಾದುದಲ್ಲ; ಪಾಠದ ಹೊರಹರಿವಿಗಂತೂ ಅದು ಸೇರುವುದಿಲ್ಲ.

ನಿಜವಾದ ಬಲೆ ಬೇರೊಂದೆಡೆ ಇದೆ. ಲಾಗಿಂಗ್ ಮಾಡ್ಯೂಲಿನಲ್ಲಿ ‘ಬೇಸಿಕ್‌ಕಾನ್ಫಿಗ್’ ಎಂಬ ಸುಲಭ ವಿಧಾನವಿದೆ. ಮೂಲ ಲಾಗರಿಗೆ ಒಂದು ಹ್ಯಾಂಡ್ಲರನ್ನು ಇಟ್ಟು, ಮಟ್ಟವನ್ನು ಗೊತ್ತುಮಾಡುವುದು ಅದರ ಕೆಲಸ. ಆದರೆ ಮೂಲ ಲಾಗರಿಗೆ ಆಗಲೇ ಹ್ಯಾಂಡ್ಲರ್ ಇದ್ದರೆ ಅದು ಏನನ್ನೂ ಮಾಡದೆ, ಏನನ್ನೂ ಹೇಳದೆ ಸುಮ್ಮನೆ ಹಿಂದಿರುಗುತ್ತದೆ. ಲೈಬ್ರರಿಯ ಕರ್ತೃ ತನ್ನ ಪರೀಕ್ಷೆಯ ಅನುಕೂಲಕ್ಕಾಗಿ ಇದನ್ನು ಮಾಡ್ಯೂಲಿನ ತಲೆಯಲ್ಲಿ ಬರೆದು ಮರೆತರೆ, ಆ ಲೈಬ್ರರಿಯನ್ನು ಇಂಪೋರ್ಟ್ ಮಾಡಿದ ಕ್ಷಣವೇ ಯಜಮಾನನ ಸ್ಥಾನ ಆಕ್ರಮಿತವಾಗುತ್ತದೆ. ಅನಂತರ ಆನ್ವಯಿಕ ತಂತ್ರಾಂಶವು ‘ಈ ಕಡತಕ್ಕೆ ಬರೆ’ ಎಂದು ಅದೇ ವಿಧಾನವನ್ನು ಕರೆದರೆ ಆ ಮಾತು ಗಾಳಿಗೆ ಹೋಗುತ್ತದೆ. ಕಡತ ಹುಟ್ಟುವುದೇ ಇಲ್ಲ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಲಾಗರನ್ನು ಹೆಸರಿನಿಂದ ಪಡೆಯದೆ ನೇರವಾಗಿ ಮಾಡ್ಯೂಲಿನ ಮೇಲೆಯೇ ‘ಲಾಗಿಂಗ್.ವಾರ್ನಿಂಗ್’ ಎಂದು ಕರೆದರೂ, ಹ್ಯಾಂಡ್ಲರ್ ಇಲ್ಲದ ಸಂದರ್ಭದಲ್ಲಿ ಬೇಸಿಕ್‌ಕಾನ್ಫಿಗ್ ತಾನಾಗಿಯೇ ಜರುಗುತ್ತದೆ. ಒಂದೇ ಒಂದು ಅಜಾಗರೂಕ ಸಾಲು ಸಾಕು. 3.8ನೆಯ ಆವೃತ್ತಿಯಲ್ಲಿ ಬಲವಂತವಾಗಿ ಹಳೆಯದನ್ನು ಕಿತ್ತು ಹೊಸದನ್ನು ಇಡುವ ‘ಫೋರ್ಸ್’ ಎಂಬ ಆಯ್ಕೆ ಬಂದಿತು. ಅದು ಮದ್ದು ಮಾತ್ರ. ರೋಗ ಲೈಬ್ರರಿಯಲ್ಲಿಯೇ ಉಳಿದಿರುತ್ತದೆ.

ಕನ್ನಡದ ಅಕ್ಷರ ಬಂದಾಗ

ಕನ್ನಡ ಪಠ್ಯದೊಡನೆ ಕೆಲಸಮಾಡುವವರಿಗೆ ಈ ವಿಭಜನೆಯ ಬೆಲೆ ಇನ್ನಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ವಿಂಡೋಸ್ ಯಂತ್ರದಲ್ಲಿ ಎನ್‌ಕೋಡಿಂಗ್ ಹೆಸರಿಸದೆ ಕಡತವೊಂದನ್ನು ಪೈಥಾನಿನಲ್ಲಿ ತೆರೆದರೆ, ಬಹುಕಾಲದ ರೂಢಿಯಂತೆ ಆ ಯಂತ್ರದ ಸ್ಥಳೀಯ ಸಂಕೇತಪದ್ಧತಿಯೇ ಅನ್ವಯಿಸುತ್ತದೆ. ಸಾಮಾನ್ಯವಾಗಿ ಅದು ಪಾಶ್ಚಾತ್ಯ ಭಾಷೆಗಳಿಗಾಗಿ ರಚಿತವಾದ 1252ನೆಯ ಕೋಡ್‌ಪೇಜ್. ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗವಿಲ್ಲ. ಲೈಬ್ರರಿ ತಾನೇ ಕಡತ ತೆರೆದು ‘ಸೂರ್ಯ ಎಂಬಲ್ಲಿ ಸಂದೇಹ’ ಎಂದು ಬರೆಯಹೊರಟರೆ ಎನ್‌ಕೋಡಿಂಗ್ ದೋಷ ಎದ್ದು ಪರಿವರ್ತನೆಯೇ ನಿಂತುಹೋಗುತ್ತದೆ. ಲಿನಕ್ಸಿನಲ್ಲಿ ಪರೀಕ್ಷಿಸಿದ ಕರ್ತೃವಿಗೆ ಇದು ಎಂದೂ ಕಾಣಿಸಿರುವುದಿಲ್ಲ. ಬಳಸುವವನಿಗಾದರೋ ಲೈಬ್ರರಿಯ ಒಳಗನ್ನು ತಿದ್ದದೆ ಬೇರೆ ದಾರಿಯಿಲ್ಲ.

ಅದೇ ಮಾತು ಲಾಗರಿನ ಮೂಲಕ ಬಂದಿದ್ದರೆ ಪರಿಸ್ಥಿತಿ ಬೇರೆ. ಹ್ಯಾಂಡ್ಲರಿನೊಳಗೆ ಎದ್ದ ದೋಷವನ್ನು ಲಾಗಿಂಗ್ ಮಾಡ್ಯೂಲ್ ತಾನೇ ತಡೆಹಿಡಿದು ದೋಷಗಳ ಹೊರಹರಿವಿನಲ್ಲಿ ತೋರಿಸುತ್ತದೆ; ಪರಿವರ್ತನೆ ಮುಂದುವರಿಯುತ್ತದೆ. ಆ ಒಂದು ದಾಖಲೆ ನಷ್ಟವಾಗುತ್ತದೆ ಎಂಬುದು ನಿಜ. ಆದರೆ ಅದನ್ನು ಸರಿಪಡಿಸಲು ಆನ್ವಯಿಕ ತಂತ್ರಾಂಶದಲ್ಲಿ ಕಡತದ ಹ್ಯಾಂಡ್ಲರಿಗೆ ‘ಯುಟಿಎಫ್-8’ ಎಂದು ಒಮ್ಮೆ ಬರೆದರೆ ಸಾಕು. ಹತ್ತು ಲೈಬ್ರರಿಗಳ ಕನ್ನಡವೂ ಅದೊಂದೇ ಬಾಗಿಲಿನಲ್ಲಿ ಸುರಕ್ಷಿತವಾಗಿ ಹಾಯುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ‘ಕ್ಷ’ ಮೂರು ಸಂಕೇತಗಳ ಕೂಟವಾದುದರಿಂದ ಒಂಬತ್ತು ಬೈಟುಗಳನ್ನು ಬೇಡುತ್ತದೆ. ಇಡೀ ಪುಟವನ್ನೇ ಡೀಬಗ್ ಮಟ್ಟದಲ್ಲಿ ಲಾಗಿಗೆ ಸುರಿಯುವ ಲೈಬ್ರರಿ ಕನ್ನಡದ ಬಳಕೆದಾರನ ಡಿಸ್ಕನ್ನು ಇಂಗ್ಲಿಷಿನವನದಕ್ಕಿಂತ ಬೇಗ ತುಂಬಿಸುತ್ತದೆ.

ಒಕ್ಕಣೆಯ ವಿಷಯದಲ್ಲಿಯೂ ಒಂದು ಶಿಸ್ತು ಬೇಕು. ‘ಪುಟ 12, ಸಾಲು 214ರಲ್ಲಿ ಸಂಕೇತ ತಿಳಿಯಲಿಲ್ಲ’ ಎಂದು ಪೂರ್ಣವಾಕ್ಯವನ್ನು ಮೊದಲೇ ಕಟ್ಟಿ ಲಾಗರಿಗೆ ಕೊಡುವುದು ಒಂದು ಬಗೆ. ಖಾಲಿ ಜಾಗಗಳಿರುವ ಸ್ಥಿರವಾದ ಒಕ್ಕಣೆಯನ್ನು ಕೊಟ್ಟು, ಪುಟ ಮತ್ತು ಸಾಲಿನ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಒಪ್ಪಿಸುವುದು ಇನ್ನೊಂದು. ಎರಡನೆಯದೇ ಮೇಲು. ಡೀಬಗ್ ಮಟ್ಟ ಮುಚ್ಚಿರುವಾಗ ವಾಕ್ಯ ಕಟ್ಟುವ ಶ್ರಮವೇ ಉಳಿಯುತ್ತದೆ. ಲಕ್ಷಾಂತರ ಸಾಲುಗಳ ಪರಿವರ್ತನೆಯಲ್ಲಿ ಇದು ಸಣ್ಣ ಉಳಿತಾಯವಲ್ಲ. (ವಿವರಗಳನ್ನು ಲೆಕ್ಕಹಾಕಲು ಹಿಡಿಯುವ ಸಮಯ ಮಾತ್ರ ಉಳಿಯುವುದಿಲ್ಲ. ಅದು ಭಾರಿಯಾಗಿದ್ದರೆ ಮಟ್ಟ ತೆರೆದಿದೆಯೇ ಎಂದು ಮೊದಲು ಕೇಳಬೇಕು.) ಒಕ್ಕಣೆ ಒಂದೇ ಆಗಿರುವುದರಿಂದ ಒಂದೇ ಬಗೆಯ ದೋಷ ಎಷ್ಟು ಸಲ ಬಂದಿತೆಂದು ಎಣಿಸುವುದೂ ಸುಲಭ. ಒಕ್ಕಣೆಯೂ ವಿವರವೂ ಬೇರೆಬೇರೆಯಾಗಿ ತಲುಪುವುದರಿಂದ, ಇಂಗ್ಲಿಷಿನಲ್ಲಿರುವ ಒಕ್ಕಣೆಗೆ ಕನ್ನಡದ ಒಕ್ಕಣೆಯನ್ನು ಹ್ಯಾಂಡ್ಲರಿನ ಮಟ್ಟದಲ್ಲಿ ಹೊಂದಿಸಿ ತೋರಿಸುವುದಕ್ಕೂ ಎಡೆಯುಂಟು. ಕರಡು ತಿದ್ದುವವರು ಪ್ರೋಗ್ರಾಮರುಗಳಲ್ಲದ ಕನ್ನಡ ವಿಭಾಗದಲ್ಲಿ ಈ ಸೌಲಭ್ಯವನ್ನು ಅಲ್ಲಗಳೆಯುವಂತಿಲ್ಲ.

ಜಾವಾ ಭಾಷೆಯ ಅನುಭವ

ಪೈಥಾನಿಗೆ ಒಂದೇ ಲಾಗಿಂಗ್ ಮಾಡ್ಯೂಲ್ ಆರಂಭದಲ್ಲಿಯೇ ದಕ್ಕಿತು. ಅಂಥ ಭಾಗ್ಯ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜಾವಾ ಭಾಷೆಯ ಚರಿತ್ರೆ ಸಾಕ್ಷಿ. ಜೆಕಿ ಗುಲ್ಜು ಅವರ ‘ಲಾಗ್4ಜೆ’ ಮೊದಲೇ ಜನಪ್ರಿಯವಾಗಿತ್ತು. 2002ರಲ್ಲಿ ಜಾವಾದ 1.4ನೆಯ ಆವೃತ್ತಿಯೊಡನೆ ಭಾಷೆಯದೇ ಆದ ಬೇರೊಂದು ಲಾಗಿಂಗ್ ವ್ಯವಸ್ಥೆ ಬಂದಿತು. ಕೆಲವು ಲೈಬ್ರರಿಗಳು ಅದನ್ನು, ಕೆಲವು ಇದನ್ನು ಹಿಡಿದವು. ಎರಡನ್ನೂ ಬಳಸುವ ಆನ್ವಯಿಕ ತಂತ್ರಾಂಶಕ್ಕೆ ಎರಡು ಸಂಸಾರ. ಇದಕ್ಕೆ ಪರಿಹಾರವೆಂದು ಅಪಾಚಿ ಸಮುದಾಯದ ‘ಕಾಮನ್ಸ್ ಲಾಗಿಂಗ್’ ಬಂದಿತು. ಯಾವ ವ್ಯವಸ್ಥೆ ಲಭ್ಯವಿದೆಯೆಂದು ಪ್ರೋಗ್ರಾಂ ಓಡುತ್ತಿರುವಾಗಲೇ ಹುಡುಕಿ ಕಂಡುಕೊಳ್ಳುವುದು ಅದರ ಪದ್ಧತಿ. ಹುಡುಕಾಟದ ಆ ಜಾಣತನವೇ ಮುಳುವಾಯಿತು. ದೊಡ್ಡ ಸರ್ವರುಗಳಲ್ಲಿ ಕ್ಲಾಸ್‌ಲೋಡರುಗಳ ಸಿಕ್ಕಿನೊಳಗೆ ಅದು ತಪ್ಪು ವ್ಯವಸ್ಥೆಯನ್ನು ಹಿಡಿದು ತೊಂದರೆ ಕೊಡತೊಡಗಿತು. ಅನಂತರ ಗುಲ್ಜು ಅವರೇ ‘ಎಸ್‌ಎಲ್‌ಎಫ್4ಜೆ’ ಎಂಬ ಮುಖಮಾತ್ರದ ಇಂಟರ್‌ಫೇಸನ್ನು ರಚಿಸಿದರು. ಲೈಬ್ರರಿ ಅದನ್ನು ಮಾತ್ರ ಅವಲಂಬಿಸುತ್ತದೆ. ಯಾವ ವ್ಯವಸ್ಥೆಯ ಜಾರ್ ಕಡತವನ್ನು ಜೊತೆಗಿಡಬೇಕೆಂದು ತಂತ್ರಾಂಶವನ್ನು ಕಟ್ಟುವವನು ನಿರ್ಧರಿಸುತ್ತಾನೆ. ಏನೂ ಇಡದಿದ್ದರೆ ಒಂದು ಸೂಚನೆಯನ್ನು ಕೊಟ್ಟು ಮೌನವಾಗುತ್ತದೆ.

ಹಳೆಯ ಲೈಬ್ರರಿಗಳ ಮಾತನ್ನು ಹೊಸ ದಾರಿಗೆ ತಿರುಗಿಸಲು ಸೇತುವೆಗಳೂ ಹುಟ್ಟಿದವು. ಲಾಗ್4ಜೆಯನ್ನು ಎಸ್‌ಎಲ್‌ಎಫ್4ಜೆಗೆ ತಿರುಗಿಸುವ ಸೇತುವೆಯನ್ನೂ, ಎಸ್‌ಎಲ್‌ಎಫ್4ಜೆಯನ್ನು ಲಾಗ್4ಜೆಗೆ ತಿರುಗಿಸುವ ಜೋಡಣೆಯನ್ನೂ ಒಟ್ಟಿಗೆ ಇಟ್ಟರೆ ಒಂದು ಮಾತು ಕೊನೆಯಿಲ್ಲದೆ ಸುತ್ತುತ್ತದೆ. ಲೈಬ್ರರಿಯೊಂದು ತನ್ನ ಜೊತೆಯಲ್ಲಿ ನಿರ್ದಿಷ್ಟ ಜೋಡಣೆಯನ್ನೂ ಹೊತ್ತು ತಂದಾಗ ಇಂಥ ಸುಳಿ ಬಳಸುವವನ ಅರಿವಿಲ್ಲದೆಯೇ ಏರ್ಪಡಬಹುದು. ಇಂಟರ್‌ಫೇಸನ್ನು ಬಳಸಿದ ಮಾತ್ರಕ್ಕೆ ಲೈಬ್ರರಿ ನಿರಪರಾಧಿಯಲ್ಲ. ಹಿಂದಿರುವ ವ್ಯವಸ್ಥೆಯನ್ನು ಜೊತೆಗೆ ಹೇರದಿದ್ದಾಗಲೇ ಒಡಂಬಡಿಕೆ ಪೂರ್ಣವಾಗುತ್ತದೆ.

ಇದು ಶೈಲಿಯ ಮಾತಲ್ಲ, ಸುರಕ್ಷತೆಯ ಮಾತು ಎಂಬುದು 2021ರ ಡಿಸೆಂಬರಿನಲ್ಲಿ ಲೋಕಕ್ಕೆ ಮನವರಿಕೆಯಾಯಿತು. ಲಾಗ್4ಜೆಯ ಎರಡನೆಯ ಪೀಳಿಗೆಯಲ್ಲಿ, ದಾಖಲಾಗುವ ಮಾತಿನೊಳಗೆ ನಿರ್ದಿಷ್ಟ ರೂಪದ ಬರಹ ಕಂಡರೆ ಅದನ್ನು ಆಜ್ಞೆಯೆಂದು ತಿಳಿದು ದೂರದ ಸರ್ವರಿನಿಂದ ಮೌಲ್ಯವನ್ನು ತರುವ ಸೌಲಭ್ಯವಿತ್ತು. ಹೊರಗಿನವನೊಬ್ಬ ತನ್ನ ಬಳಕೆದಾರನ ಹೆಸರಿನ ಜಾಗದಲ್ಲೋ ಆಟವೊಂದರ ಸಂಭಾಷಣೆಯಲ್ಲೋ ಅಂಥ ಬರಹವನ್ನು ತುಂಬಿದರೆ ಸಾಕು, ಅದು ಲಾಗಿಗೆ ಹೋದ ಕ್ಷಣ ಅವನು ಕಳುಹಿಸಿದ ಸಂಕೇತ ಸರ್ವರಿನಲ್ಲಿ ಓಡುವಂತಾಗುತ್ತಿತ್ತು. ‘ಲಾಗ್4ಶೆಲ್’ ಎಂದು ಹೆಸರಾದ ಈ ದೌರ್ಬಲ್ಯಕ್ಕೆ ತೀವ್ರತೆಯ ಮಾಪನದಲ್ಲಿ ಹತ್ತಕ್ಕೆ ಹತ್ತು ಅಂಕ ದೊರೆಯಿತು. 2.15.0ರಿಂದ 2.17.1ರವರೆಗೆ ಒಂದಾದಮೇಲೊಂದು ಪರಿಹಾರದ ಆವೃತ್ತಿಗಳನ್ನು ಕೆಲವೇ ವಾರಗಳಲ್ಲಿ ಹೊರಡಿಸಬೇಕಾಯಿತು.

ಗಮನಿಸಬೇಕಾದ ಅಂಶ ಇಲ್ಲಿದೆ. ದೋಷವಿದ್ದುದು ಬರವಣಿಗೆಯನ್ನು ನಡೆಸುವ ‘ಕೋರ್’ ಜಾರ್ ಕಡತದಲ್ಲಿ. ಲೈಬ್ರರಿಗಳು ಕರೆಯುವ ‘ಎಪಿಐ’ ಕಡತದಲ್ಲಿ ಅಲ್ಲ. ಇಂಟರ್‌ಫೇಸನ್ನು ಮಾತ್ರ ಅವಲಂಬಿಸಿದ ಲೈಬ್ರರಿಗಳಿದ್ದ ಕಡೆ, ಆನ್ವಯಿಕ ತಂತ್ರಾಂಶದವರು ಒಂದು ಕಡತವನ್ನು ಬದಲಿಸಿ ಅಥವಾ ಬೇರೊಂದು ವ್ಯವಸ್ಥೆಗೆ ತಿರುಗಿ ಆ ದಿನವೇ ಪಾರಾಗಬಹುದಿತ್ತು. ಕೋರ್ ಭಾಗವನ್ನು ತಮ್ಮ ಹೊಟ್ಟೆಯೊಳಗೇ ಸೇರಿಸಿಕೊಂಡಿದ್ದ ಲೈಬ್ರರಿಗಳ ಸಂಗತಿ ಬೇರೆ. ಜಾರಿನೊಳಗೆ ಜಾರು ಅಡಗಿದ್ದುದರಿಂದ ದೋಷ ತಮ್ಮಲ್ಲಿದೆಯೆಂದು ತಿಳಿಯುವುದೇ ಅನೇಕರಿಗೆ ಕಷ್ಟವಾಯಿತು. ತಿಳಿದಮೇಲೂ ಆ ಲೈಬ್ರರಿಯ ಕರ್ತೃಗಳು ಹೊಸ ಆವೃತ್ತಿ ಹೊರಡಿಸುವವರೆಗೆ ಕಾಯಬೇಕಾಯಿತು. ಸಾಮಾನ್ಯ ಇಂಟರ್‌ಫೇಸ್ ದೋಷವನ್ನು ತಡೆಯಲಿಲ್ಲ, ತಡೆಯಲಾರದು. ಕೆಟ್ಟುದನ್ನು ಬದಲಿಸುವ ಸ್ವಾತಂತ್ರ್ಯವನ್ನು ಅದು ಬಳಸುವವನ ಕೈಯಲ್ಲಿ ಉಳಿಸುತ್ತದೆ.

ಹೇಳದಿರಬೇಕಾದುದು

ಲಾಗಿಂಗ್ ಸುಲಭವಾದಷ್ಟೂ ವಾಚಾಳಿತನ ಹೆಚ್ಚುತ್ತದೆ. ಕೆಲಸ ಮುಂದುವರಿಯಲಾರದಂಥ ದೋಷ ಬಂದಾಗ ಲೈಬ್ರರಿ ಎಕ್ಸೆಪ್ಷನ್ ಎಸೆಯಬೇಕು. ಲಾಗಿನಲ್ಲಿ ಒಂದು ಸಾಲು ಬರೆದು ಏನೂ ಆಗದಂತೆ ಖಾಲಿ ಪಠ್ಯವನ್ನು ಹಿಂದಿರುಗಿಸುವುದು ಅಪರಾಧವೇ ಸರಿ. ಬರೆದು ಎಸೆಯುವುದೂ ಒಳ್ಳೆಯ ಅಭ್ಯಾಸವಲ್ಲ. ಮೇಲಿನ ಪ್ರತಿಯೊಂದು ಪದರವೂ ಹಾಗೆಯೇ ಮಾಡಿದರೆ ಒಂದೇ ದೋಷ ಲಾಗಿನಲ್ಲಿ ನಾಲ್ಕು ಸಲ ಕಂಡು, ನಾಲ್ಕು ದೋಷಗಳೆಂಬ ಭ್ರಮೆ ಹುಟ್ಟುತ್ತದೆ. ಗುಪ್ತಪದ, ಆಧಾರ್ ಸಂಖ್ಯೆ ಮುಂತಾದವು ಯಾವ ಮಟ್ಟದಲ್ಲಿಯೂ ಲಾಗಿಗೆ ಹೋಗಕೂಡದು. ಲಾಗ್ ಕಡತಗಳನ್ನು ಯಾರು ಓದುತ್ತಾರೆಂಬುದು ಲೈಬ್ರರಿಗೆ ಗೊತ್ತಿರುವುದಿಲ್ಲ. ಲೈಬ್ರರಿಗಳು ತಮತಮಗೆ ಒಂದೊಂದು ಹೊಸ ಲಾಗಿಂಗ್ ಇಂಟರ್‌ಫೇಸನ್ನು ಸೃಷ್ಟಿಸುವ ಚಾಳಿಯೂ ಉಂಟು. ಭಾಷೆಯಲ್ಲಿ ಆಗಲೇ ಒಪ್ಪಿತವಾದುದೊಂದು ಇರುವಾಗ ಅದು ಹಳೆಯ ಗೊಂದಲಕ್ಕೆ ಹೊಸ ಹೆಸರಷ್ಟೆ. ಇಪ್ಪತ್ತು ಸಾಲುಗಳ, ಹೇಳುವುದೇನೂ ಇಲ್ಲದ ಲೈಬ್ರರಿಗೆ ಲಾಗರೇ ಬೇಡ.

ವಿದ್ಯಾರ್ಥಿಗಳ ಪರಿವರ್ತಕಕ್ಕೆ ಮರಳಿದರೆ, ಬದಲಾಯಿಸಬೇಕಾದ ಸಾಲುಗಳು ಕೆಲವೇ. ಪ್ರತಿ ಮಾಡ್ಯೂಲಿನ ತಲೆಯಲ್ಲಿ ಹೆಸರಿನಿಂದ ಪಡೆದ ಒಂದು ಲಾಗರ್. ಲೈಬ್ರರಿಯ ಆರಂಭದಲ್ಲಿ ಒಂದು ನಲ್‌ಹ್ಯಾಂಡ್ಲರ್. ಪ್ರಿಂಟ್ ಇದ್ದೆಡೆಯಲ್ಲೆಲ್ಲ ಮಟ್ಟವನ್ನು ಯೋಚಿಸಿ ಆರಿಸಿದ ಒಂದು ಕರೆ. ತಿಳಿಯದ ಸಂಕೇತಕ್ಕೆ ವಾರ್ನಿಂಗ್. ತಪ್ಪು ಕ್ರಮದಲ್ಲಿದ್ದ ಅರ್ಕಾವತ್ತನ್ನು ಊಹೆಯಿಂದ ಸರಿಪಡಿಸಿದ್ದಕ್ಕೆ ಇನ್‌ಫೋ. ಪ್ರತಿ ಅಕ್ಷರದ ಜೋಡಣೆಯ ವಿವರಕ್ಕೆ ಡೀಬಗ್. ತಿಳಿಯದ ಸಂಕೇತವನ್ನು ನುಂಗದೆ, ಪಾಠದಲ್ಲಿ ಅದರ ಜಾಗವನ್ನು ಯೂನಿಕೋಡಿನ ಬದಲಿಚಿಹ್ನೆಯಿಂದ ತೋರಿಸುವುದು ಒಳಿತು. ಅನಂತರ ಆ ಲೈಬ್ರರಿಯನ್ನು ಜಾಲತಾಣದ ಹಿಂದೆ ಇಟ್ಟವರು ವಾರ್ನಿಂಗುಗಳನ್ನು ತಮ್ಮ ಸರ್ವರಿನ ದಾಖಲೆಗೆ ಕಳುಹಿಸಬಹುದು. ಒಂದೇ ಪುಟವನ್ನು ಪರಿವರ್ತಿಸುವವರು ಕೇಳಿಸಿಕೊಳ್ಳದೆಯೂ ಇರಬಹುದು. ಹಳೆಯ ಸಂಚಿಕೆಗಳನ್ನೆಲ್ಲ ಒಟ್ಟಿಗೆ ಪರಿವರ್ತಿಸುವ ವಿಭಾಗದವರು ಇನ್‌ಫೋ ಮಟ್ಟವನ್ನು ತೆರೆದು, ಯುಟಿಎಫ್-8ರಲ್ಲಿ ಪ್ರತ್ಯೇಕ ಕಡತಕ್ಕೆ ಬರೆಸುವುದು ಉಚಿತ. ಪುಟ ಮತ್ತು ಸಾಲಿನ ಸಂಖ್ಯೆಗಳಿರುವ ಆ ಕಡತವನ್ನು ಒಂದು ಪಕ್ಕದಲ್ಲಿ, ಮೂಲದ ಅಚ್ಚಾದ ಪ್ರತಿಯನ್ನು ಇನ್ನೊಂದು ಪಕ್ಕದಲ್ಲಿ ಇಟ್ಟುಕೊಂಡು ಕರಡು ತಿದ್ದುವವರು ಸಂದೇಹದ ಸ್ಥಳಗಳಿಗೆ ನೇರವಾಗಿ ಹೋಗಬಹುದು. ಊಹೆಯಿಂದ ಸರಿಪಡಿಸಿದ ಕಡೆಗಳನ್ನು ಮೊದಲು ನೋಡತಕ್ಕದ್ದು, ಏಕೆಂದರೆ ಬದಲಿಚಿಹ್ನೆಯಂತೆ ಅವು ಪಾಠದಲ್ಲಿ ಕಣ್ಣಿಗೆ ಬೀಳುವುದಿಲ್ಲ.